ವೀಣೆಗೆ ಮಡಿಲಕ್ಕಿ

ಚನ್ನರಾಯಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ ಕುಕ್ಕರು, ಕೊಳಗ, ಇಡ್ಲಿ ಪಾತ್ರೆ ಮಾರಿದವನಿಗೆ ಒಂದು ವೀಣೆ ಮಾರುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಎರಡಕ್ಕೂ ಹೊಟ್ಟೆ ಇದೆ. ಎರಡನ್ನೂ ಗಿರಾಕಿಗಳು ಬೆರಳಿನಿಂದ ತಟ್ಟಿ, ಕಿವಿ ಕೊಟ್ಟು, ಆಮೇಲೆ ಕೊಳ್ಳುತ್ತಾರೆ. ಕೊಳ್ಳುವವರು ಆಸ್ಟ್ರೇಲಿಯಾದವರಾದರೆ ಹಗ್ಗವನ್ನು ಸ್ವಲ್ಪ ಬಿಗಿಯಾಗಿ ಕಟ್ಟಬೇಕು, ಅಷ್ಟೆ.

ನನ್ನದು ಸ್ವಲ್ಪ ಕನಸಿನ ಸ್ವಭಾವ. ಇದು ನನ್ನ ಮಾತು. ನನ್ನ ಹೆಂಡತಿ ಪದ್ಮ ಇದೇ ಗುಣವನ್ನು ‘ಗರ ಬಡಿದೋರ ಹಾಗೆ ಕೂತಿರೋದು’ ಎನ್ನುತ್ತಾಳೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿದಿರುತ್ತದೆ. ಊಟವಾದ ಮೇಲೆ ಕತ್ತಲಾಗುವವರೆಗೆ ಮಾಡಲು ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತು ಆಕಾಶ ಕೆಂಪಗಾಗುವುದನ್ನು ನೋಡುತ್ತಿದ್ದರೆ ಯಾರಿಗಾದರೂ ದೊಡ್ಡ ದೊಡ್ಡ ಯೋಚನೆಗಳು ಬರುತ್ತವೆ. ವೀಣೆ ಮಾರುವ ಯೋಚನೆ ಬಂದದ್ದೂ ಅಲ್ಲೇ.

ವೀಣೆ ಪದ್ಮಳದು. ಅವಳು ಅರಕಲಗೂಡಿನ ಹುಡುಗಿ. ಹತ್ತನೇ ವಯಸ್ಸಿನಿಂದ ಅಲ್ಲಿನ ಒಬ್ಬ ಟೀಚರಮ್ಮನ ಹತ್ತಿರ ಕಲಿತಿದ್ದಳಂತೆ. ಮದುವೆಯಾಗಿ ಬರುವಾಗ ವೀಣೆಯೂ ಜೊತೆಗೆ ಬಂತು. ಬಂದ ಮೇಲೆ ನಮ್ಮಮ್ಮನ ಕಾಯಿಲೆ, ಮಗಳು ಹುಟ್ಟಿದಾಗಿನ ಬಾಣಂತನ, ಅಂಗಡಿಯ ಊಟದ ಡಬ್ಬಿ ಎಂದು ಅದು ಬಿಳಿ ದುಪ್ಪಟಿ ಸುತ್ತಿಕೊಂಡು ಬೀರುವಿನ ಮೇಲೆ ಮಲಗಿದ್ದು ಮಲಗಿದ್ದೇ. ನಮ್ಮ ಮಗಳ ಮದುವೆಯೂ ಆಯಿತು, ಅದು ಏಳಲಿಲ್ಲ. ಈ ಸಲ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಕೆಳಗಿಳಿಸಿದೆ.

"ಇದನ್ನೇನು ಮಾಡೋಣ ಪದ್ಮಾ? ಸುಮ್ನೆ ಧೂಳು ತಿಂತಾ ಇದೆ. ಯಾರಿಗಾದ್ರೂ ಕೊಟ್ಬಿಡೋಣ್ವಾ?"

ಅವಳು ಒಲೆಯ ಕಡೆ ತಿರುಗಿದ್ದವಳು ತಿರುಗಿಯೇ ಇದ್ದಳು. "ಏನಾದ್ರೂ ಮಾಡ್ಕೊಳ್ಳಿ."

ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಈ ಮಾತನ್ನು ಒಪ್ಪಿಗೆ ಎಂದು ತಿಳಿಯಬಾರದಿತ್ತು. ನಾನು ತಿಳಿದೆ.

ಹಳೆಯ ವಸ್ತುಗಳನ್ನು ಮಾರುವ ಇಂಟರ್ನೆಟ್ಟಿನ ಒಂದು ತಾಣದಲ್ಲಿ ಫೋಟೋ ಹಾಕಿದೆ. ವೀಣೆ ಒಂದನ್ನೇ ಹಾಕಿದರೆ ಕಳೆ ಇರುವುದಿಲ್ಲವೆಂದು ರೇಷ್ಮೆ ಪಂಚೆ ಉಟ್ಟು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ತೆಗೆಸಿಕೊಂಡೆ. ನಾಲ್ಕನೇ ದಿನ ಆಸ್ಟ್ರೇಲಿಯಾದ ಪರ್ತ್ ಎಂಬ ಊರಿನಿಂದ ಮಾರ್ಗರೆಟ್ ಎಂಬ ಹೆಂಗಸು ಬರೆದರು. ನಿವೃತ್ತ ನರ್ಸು, ಎಂಟು ವರ್ಷದಿಂದ ಅಲ್ಲಿಯೇ ಯಾರ ಬಳಿಯೋ ವೀಣೆ ಕಲಿಯುತ್ತಿದ್ದಾರಂತೆ. ಅವರ ಮೊದಲ ಪ್ರಶ್ನೆ, ಇದು ಎಡಗೈಯವರು ನುಡಿಸುವ ವೀಣೆಯೇ ಎಂದು.

ಫೋಟೋ ನೋಡಿಕೊಂಡೆ. ವೀಣೆಯ ತುದಿಯಲ್ಲಿ ಕೆತ್ತಿದ, ಎಡಕ್ಕಿರಬೇಕಾದ ಸಿಂಹದ ಮುಖ ನನ್ನ ಬಲಕ್ಕಿತ್ತು. ವೀಣೆಯನ್ನು ತಿರುವುಮುರುವಾಗಿ ಹಿಡಿದುಕೊಂಡು ನಾದಲೋಕದಲ್ಲಿ ಮುಳುಗಿದ್ದೆ. ಆದರೂ ಧೈರ್ಯಗೆಡದೆ, ಎರಡೂ ಕೈಗೆ ಆಗುತ್ತದೆ ಎಂದು ಉತ್ತರ ಬರೆದೆ. ಕುಕ್ಕರಿನ ಹಿಡಿಯ ವಿಷಯದಲ್ಲಿ ಈ ಉತ್ತರ ಒಮ್ಮೆಯೂ ಕೈಕೊಟ್ಟಿರಲಿಲ್ಲ. ನನ್ನ ಇಂಗ್ಲಿಷು ಪಾತ್ರೆಯ ಪೆಟ್ಟಿಗೆಗಳ ಮೇಲಿನ ಬರಹ ಓದಿ ಕಲಿತದ್ದು, ಅದರಲ್ಲಿ ಎಚ್ಚರಿಕೆಯ ಮಾತುಗಳೇ ಜಾಸ್ತಿ. ಪಾಪ, ಆ ಹೆಂಗಸು ಅದನ್ನೂ ಸಹಿಸಿಕೊಂಡು, ಕೊಳ್ಳುವುದಕ್ಕೆ ಒಪ್ಪಿ, ಹಣವನ್ನೂ ಕಳಿಸಿದರು. ಒಂದೇ ಕೋರಿಕೆ, ವಿಡಿಯೋ ಕಾಲಿನಲ್ಲಿ ಒಮ್ಮೆ ನುಡಿಸಿ ಕೇಳಿಸಬೇಕು.

ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ರುದ್ರಪಟ್ಟಣದ ಹತ್ತಿರ ವೀಣೆ ಸರಿಮಾಡುವ ಒಬ್ಬರಿದ್ದಾರೆಂದು ತಿಳಿದು, ದುಪ್ಪಟಿಯ ಸಮೇತ ಎತ್ತಿಕೊಂಡು ಬಸ್ಸು ಹತ್ತಿದೆ. ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿ, ಉರುಳದಂತೆ ಒಂದು ಕೈ ಇಟ್ಟುಕೊಂಡು ಕೂತೆ. ಹೊಳೆನರಸೀಪುರದಲ್ಲಿ ಹಳೇಕೋಟೆ ಕಡೆಯ ಒಬ್ಬ ಅಜ್ಜಿ ಹತ್ತಿ ಪಕ್ಕ ಕೂತರು. ಬಿಳಿ ದುಪ್ಪಟಿಯನ್ನು ಬಹಳ ಹೊತ್ತು ನೋಡಿದರು.

"ಯಾರ್ದಪ್ಪಾ ಇದು?"

"ನನ್ ಹೆಂಡ್ತೀದು ಕಣಮ್ಮ."

"ಅಯ್ಯೋ ಸಿವನೇ. ಏನಾಗಿತ್ತಪ್ಪಾ?"

"ಏನಿಲ್ಲ, ದನಿ ಹೊರಟೋಗಿತ್ತು. ರುದ್ರಪಟ್ಟಣದಲ್ಲಿ ತೋರಿಸ್ಕೊಂಡು ಆಮೇಲೆ ಆಸ್ಟ್ರೇಲಿಯಾಕ್ಕೆ ಕಳಿಸ್ಬೇಕು."

ಅಜ್ಜಿ ಎದ್ದು ಹೋಗಿ ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಅವನು ಟಿಕೆಟ್ ಮೆಷಿನ್ನನ್ನು ಎದೆಗವಚಿಕೊಂಡು ಬಂದ. "ಸಾ, ಇಂತಾವೆಲ್ಲ ಬಸ್ನಾಗೆ ತರಂಗಿಲ್ಲ ಸಾ, ವ್ಯಾನ್ ಮಾಡ್ಕಂಡು ಓಗ್ಬೇಕು" ಎಂದು ದುಪ್ಪಟಿಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿದ. ಒಳಗಿಂದ ಸಿಂಹ ಕಣ್ಣು ಬಿಟ್ಟುಕೊಂಡು, ಹಲ್ಲು ತೋರಿಸುತ್ತ ಅವನನ್ನೇ ನೋಡಿತು. ಕಂಡಕ್ಟರ್ ಬೆಚ್ಚಿ ಹಿಂದಕ್ಕೆ ಸರಿದು ಒಬ್ಬರ ತೊಡೆಯ ಮೇಲೆ ಕೂತ. ಇಡೀ ಬಸ್ಸು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು, ಸಿಂಹದ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಸ್ಟ್ರೇಲಿಯಾದವರಿಗೆ ಮಾರಿದ್ದೇನೆಂದು ನಾನೇ ತಿಳಿಸಿದೆ.

"ಇಂತಾ ಸರಸ್ವತೀನ ಮಾರಾಕೆ ಒಂಟಿದೀಯಾ? ನಿನ್ನೆಂಡ್ತಿ ಒಪ್ಕಂಡ್ಳಾ?"

"ಒಪ್ಕೊಂಡ್ಳು."

"ಬಾಯ್ಬುಟ್ಟು ಯೋಳಿದ್ಲಾ?"

ನಾನು ಕಿಟಕಿಯಾಚೆ ನೋಡಿದೆ. ಅರಕಲಗೂಡು ಬರುವವರೆಗೂ ಹೊಲಗಳನ್ನೇ ನೋಡುತ್ತಿದ್ದೆ.

ರುದ್ರಪಟ್ಟಣದ ಯಜಮಾನರು ತಂತಿ ಬದಲಿಸಿ, ತಂತಿಯ ಕೆಳಗಿನ ಹಿತ್ತಾಳೆ ಮೆಟ್ಟುಗಳ ಮೇಣವನ್ನು ಕಾಯಿಸಿ ಕೂರಿಸಿ, ಒಂದು ತಂತಿಯನ್ನು ಮೀಟಿ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಆ ದನಿ ನಿಧಾನವಾಗಿ ತೆಳುವಾಗುತ್ತ ಹೋಗಿ ಎಲ್ಲಿ ಮುಗಿಯಿತೋ ಗೊತ್ತಾಗಲಿಲ್ಲ. ಕಣ್ಣು ಬಿಟ್ಟಾಗ ಅವರು ಒಳಗೆ ಹೋಗಿ ಕಾಫಿ ಕುಡಿದು ಬಂದಿದ್ದರು, ನನ್ನ ಬಸ್ಸು ಹೋಗಿತ್ತು.

ಭಾನುವಾರ ಸಂಜೆ ಮಾರ್ಗರೆಟ್‌ಗೆ ಕರೆ ಮಾಡುವುದೆಂದಾಯಿತು. ನುಡಿಸಲು ಈ ಮನೆಯಲ್ಲಿ ಬರುತ್ತಿದ್ದುದು ಪದ್ಮಳೊಬ್ಬಳಿಗೇ. "ಮರೆತೋಗಿದೆ ರೀ" ಎಂದಳು. ಆದರೂ ಮುಖ ತೊಳೆದುಕೊಂಡು ಚಾಪೆ ಹಾಸಿದಳು. ಎಡಗೈ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡಳು. ಯಾವ ಬೆರಳಿಗೆ ಎಷ್ಟು ಎಣ್ಣೆ ಎಂಬುದು ಕೈಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕಲಿತ ಮೊದಲ ಗೀತೆಯನ್ನು ಶುರು ಮಾಡಿದಳು, ಎಡವಿದಳು, ನಿಲ್ಲಿಸಿದಳು, ಮತ್ತೆ ಮೊದಲಿನಿಂದ ನುಡಿಸಿದಳು.

ಹೊತ್ತು ಮುಳುಗುತ್ತಿತ್ತು. ಹೊಸ ಬಣ್ಣದ ಗೋಡೆಯ ಮೇಲೆ ಕೆಂಬಿಸಿಲು ಜಾರುತ್ತಿತ್ತು. ನಾನು ಫೋನು ಹಿಡಿದುಕೊಂಡು ನಿಂತಿದ್ದೆ. ಅರಕಲಗೂಡಿನ ಯಾವುದೋ ಬೀದಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಪುಸ್ತಕ ಎದೆಗೊತ್ತಿಕೊಂಡು ಪಾಠಕ್ಕೆ ಓಡುತ್ತಿರುವುದು ನನಗೆ ಕಂಡಿತು. ಅವಳನ್ನು ನಾನು ಎಂದೂ ನೋಡಿರಲಿಲ್ಲ. ಮದುವೆಯಾದವಳ ಹಿಂದೆ ಇಂಥ ಒಬ್ಬಳಿದ್ದಾಳೆಂದು ಯಾರೂ ಹೇಳಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಗೀತೆ ಮುಗಿಯಿತು. ಮಾರ್ಗರೆಟ್ ಅಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ನಾನು ಏನಾದರೂ ಹೇಳಲೇಬೇಕಿತ್ತು. ಇದನ್ನು ಮಾರುವುದಿಲ್ಲ, ಕ್ಷಮಿಸಿ ಎಂದು ಹೇಳಬೇಕಿತ್ತು.

"ವೆರಿ ಗುಡ್ ಕಂಡೀಷನ್" ಎಂದೆ.

ಪದ್ಮ ಒಂದು ಕ್ಷಣ ನನ್ನನ್ನು ನೋಡಿ, ದುಪ್ಪಟಿಯನ್ನು ಮಡಿಸಿ ವೀಣೆಗೆ ಹೊದಿಸಿದಳು. ಮಾತು ಕೊಟ್ಟಾಗಿತ್ತು, ಕೊಟ್ಟ ಮಾತಿಗೆ ತಪ್ಪಿದ ವ್ಯಾಪಾರಿ ಎಂಬ ಹೆಸರು ಬರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎದೆಯೊಳಗೆ ಕಸಿವಿಸಿಯಾಗುತ್ತಲೇ ಇತ್ತು. ರಾತ್ರಿ ತಿಂದಿದ್ದರೆ ಅಜೀರ್ಣ ಎನ್ನಬಹುದಿತ್ತು, ನಮ್ಮಲ್ಲಿ ಅದಕ್ಕೂ ಅವಕಾಶವಿಲ್ಲ.

ಪೆಟ್ಟಿಗೆ ಮಾಡಿಕೊಟ್ಟವರು ಪಕ್ಕದ ಮನೆಯ ನಂಜೇಗೌಡರು. ಹಿರೀಸಾವೆ ಹತ್ತಿರ ತೋಟ ಇದೆ, ಬಿಡುವಿದ್ದಾಗ ಮರಗೆಲಸ. ಪೆಟ್ಟಿಗೆಯೊಳಗೆ ರಾಗಿಹುಲ್ಲು ದಟ್ಟವಾಗಿ ತುಂಬಿ, ನಡುವೆ ವೀಣೆ ಮಲಗಿಸಿದರು. "ಈಗ ಆನೆ ಅತ್ತಿ ಕುಣಿದ್ರೂ ಏನಾಗಾಕಿಲ್ಲ ದತ್ತಣ್ಣ" ಎಂದು ನನ್ನ ಬೆನ್ನು ತಟ್ಟಿದರು. ಅವರದೇ ಗೂಡ್ಸ್ ಗಾಡಿಯಲ್ಲಿ ಹಾಸನಕ್ಕೆ ಒಯ್ದೆವು. ಅಲ್ಲಿ ಹೊರದೇಶಕ್ಕೆ ಸಾಮಾನು ಕಳಿಸಿಕೊಡುವ ಒಂದು ಕಚೇರಿ. ಕ್ಲರ್ಕ್ ಹೆಣ್ಣುಮಗಳು ಮುಚ್ಚಳ ತೆಗೆಸಿದಳು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಎರಡು ನಿಮಿಷದಲ್ಲಿ ಕಚೇರಿಯಲ್ಲಿ ಕಣದ ಸುಗ್ಗಿ ನಡೆದಂತಾಯಿತು. ಕ್ಲರ್ಕಿನ ಕೂದಲಲ್ಲಿ ಹುಲ್ಲು, ಕಂಪ್ಯೂಟರಿನ ಮೇಲೆ ಹುಲ್ಲು, ಸಾಹೇಬರ ಟೀಯಲ್ಲಿ ಹುಲ್ಲು.

"ಸಾರ್, ಆಸ್ಟ್ರೇಲಿಯಾದವರು ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು" ಎಂದು ಅವಳು ಕೂದಲು ಕೊಡವಿಕೊಳ್ಳುತ್ತ ಒಂದು ಪಟ್ಟಿ ಓದಿದಳು. "ಹುಲ್ಲು, ಸೊಪ್ಪು, ಕಾಳು, ಬೀಜ, ಹಣ್ಣು ಯಾವುದೂ ಇರಬಾರದು. ವೀಣೆಯ ಮರಕ್ಕೆ, ಆ ಸೋರೆಬುರುಡೆಗೆ ನಾವು ಇವತ್ತೇ ಔಷಧಿ ಹೊಡೆಸಿ ಸರ್ಟಿಫಿಕೇಟ್ ಮಾಡಿಸ್ತೀವಿ. ನೀವು ಬರೀ ವೀಣೆ ಇಟ್ಟು ತನ್ನಿ. ಬೇರೆ ಏನೂ ಇಲ್ಲ ಅಂತ ಇಲ್ಲಿ ಸೈನ್ ಮಾಡಿ."

ನಾನು ಗಂಭೀರವಾಗಿ ಸಹಿ ಹಾಕಿದೆ. ನಂಜೇಗೌಡರು ಹುಲ್ಲನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡರು. "ನಮ್ ರಾಗಿಉಲ್ಲು ಸೋಕಿದ್ರೆ ಅವ್ರ ದೇಸ ಕೆಟ್ಟೋಯ್ತದಾ? ಬುಡಿ, ನಮ್ ಕೊಟ್ಟಿಗೆ ಅಸಾನಾದ್ರೂ ತಿಂತದೆ" ಎಂದು ದಾರಿಯುದ್ದಕ್ಕೂ ಗೊಣಗಿದರು.

ಮನೆಗೆ ಬಂದು ಪ್ಲಾಸ್ಟಿಕ್ ಹಾಳೆ, ಸ್ಪಂಜು ಹಾಕಿ ಹೊಸದಾಗಿ ಕಟ್ಟುವುದೆಂದಾಯಿತು. ಕಟ್ಟುವ ಹಿಂದಿನ ದಿನ ಪದ್ಮ ವೀಣೆಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿದಳು, ಹೊಟ್ಟೆಯಂಥ ಕೊಡದಿಂದ ಸಿಂಹದ ಬಾಯಿಯವರೆಗೂ, ಸಂದುಗೊಂದು ಬಿಡದೆ. ಬೆಳಗ್ಗೆ ಬ್ಯಾಗು ಹಿಡಿದು ಹೊರಟಳು.

"ಅರಕಲಗೂಡಿಗೆ ಹೋಗ್ಬರ್ತೀನಿ, ಅಕ್ಕನ ಮನೇಗೆ."

"ಇವತ್ತೇ? ವೀಣೆ ಹೋಗೋ ದಿನ?"

"ಅದಕ್ಕೇ" ಎಂದಳು.

ಖಾಲಿ ಮನೆಯಲ್ಲಿ ನಾನು, ನಂಜೇಗೌಡರು, ವೀಣೆ. ಅವರು ಸ್ಪಂಜು ಹೊಂದಿಸಿ, ಮುಚ್ಚಳವಿಟ್ಟು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿದರು. ನನಗೆ ತಡೆಯಲಾಗಲಿಲ್ಲ.

"ಗೌಡ್ರೇ, ಸ್ವಲ್ಪ ನಿಲ್ಸಿ. ಇಷ್ಟು ದೂರ ಬರೀ ಮಡಿಲಲ್ಲಿ ಕಳಿಸೋದಾ?"

ಗೌಡರು ಮೊಳೆಗಳನ್ನು ಅಂಗೈಗೆ ಉಗಿದರು. ಅವರೂ ಮೂರು ಹೆಣ್ಣುಮಕ್ಕಳನ್ನು ಕಳಿಸಿಕೊಟ್ಟವರು. "ಅಂಗನ್ನಿ ಮತ್ತೆ. ನಂಗೂ ಅದೇ ಕೊರೀತಿತ್ತು. ಮಡ್ಲಕ್ಕಿ ಕಟ್ದಲೆ ಎಣ್ಮಗಿನ ಯಾರಾದ್ರೂ ಕಳಿಸ್ತಾರಾ?"

ತವರಿಂದ ಹೊರಡುವ ಹೆಣ್ಣಿಗೆ ಸೆರಗೊಡ್ಡಿಸಿ ಅಕ್ಕಿ, ಕಾಯಿ, ಬೆಲ್ಲ ತುಂಬಿ ಕಳಿಸುವುದನ್ನು ನಾವಿಬ್ಬರೂ ನೂರಾರು ಸಲ ದೂರದಿಂದ ನೋಡಿದ್ದೆವು. ಹತ್ತಿರದಿಂದ ಮಾಡುವವರು ಮುತ್ತೈದೆಯರು. ಎಷ್ಟು ಹಿಡಿ ಅಕ್ಕಿ? ಐದು ಎಂದೆ ನಾನು. ಮೂರು ಎಂದರು ಅವರು. ಕೂಡಿಸಿ ಎಂಟು ಹಾಕಿದೆವು. ಕೊಬ್ಬರಿ ಬಟ್ಟಲೋ ತೆಂಗಿನಕಾಯಿಯೋ ಎಂಬ ಬಗ್ಗೆ ಚರ್ಚೆಯಾಯಿತು. ಗೌಡರು ತಮ್ಮ ಮನೆಗೆ ಓಡಿ, ಜುಟ್ಟಿರುವ ಕಾಯಿಯನ್ನೇ ತಂದರು. ಬೆಲ್ಲದ ಅಚ್ಚು, ಐದು ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು. ರವಿಕೆ ಬಟ್ಟೆ ಎಲ್ಲಿಟ್ಟಿರುತ್ತಾಳೋ ತಿಳಿಯದೆ, ನನ್ನ ಚೌಕಳಿ ಟವೆಲ್ಲಿನಲ್ಲೇ ಗಂಟು ಕಟ್ಟಿದೆ.

"ವೀಣೆಗೆ ಮಡ್ಲು ಎಲ್ ಬತ್ತದೆ ದತ್ತಣ್ಣ?"

ಇಬ್ಬರೂ ಬಗ್ಗಿ ಹುಡುಕಿದೆವು. ಕೊನೆಗೆ ಕೊಡದ ಪಕ್ಕದ ಸಂದೇ ಮಡಿಲೆಂದು ತೀರ್ಮಾನಿಸಿ ಗಂಟನ್ನು ಅಲ್ಲಿಟ್ಟೆವು. ಸಿಂಹದ ಹಣೆಗೆ ಕುಂಕುಮ ಇಟ್ಟೆ. ಹಾಸನದ ಪಟ್ಟಿ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅದು ಸಾಮಾನಿಗೆ ಮಾಡಿದ ಕಾನೂನು, ಇದು ಶಾಸ್ತ್ರ ಎಂದು ನನ್ನ ಮನಸ್ಸು ಒಂದು ತೀರ್ಪು ಕೊಟ್ಟಿತು. ಗೌಡರು ಕಣ್ಣೊರೆಸಿಕೊಂಡು ಮೊಳೆ ಹೊಡೆದರು. ಹಾಸನದಲ್ಲಿ ಈ ಸಲ ನನ್ನ ಸಹಿಯನ್ನೇ ನಂಬಿ, ಮುಚ್ಚಳ ತೆಗೆಸದೆ ಪೆಟ್ಟಿಗೆ ತೆಗೆದುಕೊಂಡರು.

ಆಮೇಲಿನ ದಿನಗಳನ್ನು ನಾನು ಸಮುದ್ರದ ಮೇಲೆ ಕಳೆದೆ. ಅಂಗಡಿಯಲ್ಲಿ ಕೂತರೆ ಸ್ಟೀಲಿನ ಕೊಳಗಗಳ ಮೇಲೆ ಬಿಸಿಲು ಥಳಥಳಿಸುವಾಗ ಅಲೆಗಳೇ ಕಾಣುತ್ತಿದ್ದವು. ದೊಡ್ಡ ಹಡಗು, ಅದರ ಹೊಟ್ಟೆಯಲ್ಲಿ ನಮ್ಮ ಪೆಟ್ಟಿಗೆ, ಹಡಗು ಓಲಾಡಿದಾಗೆಲ್ಲ ತಂತಿಗಳು ತಾವೇ ಸಣ್ಣಗೆ ನುಡಿಯುತ್ತವೆ, ಕಾವಲಿನ ನಾವಿಕ ಯಾರು ಹಾಡಿದ್ದೆಂದು ಹುಡುಕುತ್ತಾನೆ. ಇದೇ ಗುಂಗಿನಲ್ಲಿ ಪ್ರೆಶರ್ ಕುಕ್ಕರ್ ಕೇಳಿದವರಿಗೆ ದೋಸೆ ಹೆಂಚು ಕಟ್ಟಿಕೊಟ್ಟೆ. ಹದಿನೆಂಟು ದಿನ ಹೀಗೆ ಸಾಗರಯಾನ ಮಾಡಿದ ಮೇಲೆ ಫೋನಿನಲ್ಲಿ ವಿಚಾರಿಸಿದರೆ, ಪೆಟ್ಟಿಗೆ ಇನ್ನೂ ಬೆಂಗಳೂರಿನ ಗೋದಾಮಿನಲ್ಲಿತ್ತು.

ಪದ್ಮ ಅರಕಲಗೂಡಿನಿಂದ ಬಂದವಳು ವೀಣೆಯ ಸುದ್ದಿ ಎತ್ತಲಿಲ್ಲ. ಬೀರುವಿನ ಮೇಲೆ ಖಾಲಿ ಜಾಗವಿತ್ತು. ಅಲ್ಲಿ ಏನನ್ನೂ ಇಡಲೂ ಇಲ್ಲ.

ಎರಡು ತಿಂಗಳ ನಂತರ ಹಾಸನದ ಕ್ಲರ್ಕ್ ಫೋನು ಮಾಡಿದಳು.

"ಸಾರ್, ಪೆಟ್ಟಿಗೇಲಿ ಏನಿಟ್ಟಿದ್ರಿ?"

"ವೀಣೆ."

"ಮತ್ತೆ?"

"ಸ್ವಲ್ಪ ಅಕ್ಕಿ."

"ಮತ್ತೆ?"

"ಒಂದು ಕಾಯಿ. ವೀಳ್ಯದೆಲೆ. ಅರಿಶಿನದ ಕೊಂಬು."

"ಸಾರ್, ನೀವು ಸೈನ್ ಮಾಡಿದ್ರಿ."

"ಮೇಡಂ, ನಿಮ್ಮ ಕಡೆ ಹೆಣ್ಣುಮಕ್ಕಳನ್ನ ಹೇಗೆ ಕಳಿಸ್ತಾರೆ?"

ಅವಳು ತಗ್ಗಿದ ದನಿಯಲ್ಲಿ, "ಮಡಿಲಕ್ಕಿ ಕಟ್ಟಿ" ಎಂದಳು. ಮತ್ತೆ ದನಿ ಸರಿಮಾಡಿಕೊಂಡು ವಿಷಯ ಹೇಳಿದಳು. ಪರ್ತಿನ ಅಧಿಕಾರಿಗಳು ಪೆಟ್ಟಿಗೆಯನ್ನು ಒಳಗೆ ಬಿಡುವುದಿಲ್ಲ. ಅಕ್ಕಿಯಲ್ಲಿ ಹುಳು ಬಿದ್ದಿದೆ, ಕಾಯಿ ಮೊಳೆತಿದೆ, ಹುಳು ವೀಣೆಯ ಮರಕ್ಕೂ ಹತ್ತಿರಬಹುದಂತೆ. ಇರುವುದು ಎರಡೇ ದಾರಿ. ನಮ್ಮ ಖರ್ಚಿನಲ್ಲಿ ವಾಪಸು ತರಿಸಿಕೊಳ್ಳಬೇಕು, ಇಲ್ಲದಿದ್ದರೆ ಪೆಟ್ಟಿಗೆಯ ಸಮೇತ ಸುಟ್ಟುಹಾಕುತ್ತಾರೆ. ವಾರದೊಳಗೆ ಹೇಳಬೇಕು.

ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಬಂದೆ. ಪದ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ, ಎಂಟು ಹಿಡಿ ಅಕ್ಕಿಯನ್ನೂ ಬಿಡಲಿಲ್ಲ. ಅವಳು ಚಾಕು ಕೆಳಗಿಟ್ಟಳು.

"ತರಿಸಿ."

"ಮಾರ್ಗರೆಟ್‌ಗೆ ಏನು ಹೇಳೋದು?"

"ಫೋನ್ ಹಚ್ಚಿಕೊಡಿ, ನಾನು ಹೇಳ್ತೀನಿ."

ಇಂಗ್ಲಿಷು ಬಾರದ ಪದ್ಮ ಪರ್ತಿನ ಹೆಂಗಸಿಗೆ ಅಚ್ಚಕನ್ನಡದಲ್ಲಿ, "ಅದು ಬರಲ್ಲಮ್ಮ, ನಂಗೇ ಬೇಕು" ಎಂದಳು. ಸೆರಗೊಡ್ಡಿ, ಅಕ್ಕಿ ಸುರಿಯುವಂತೆ ತೋರಿಸಿ, ನನ್ನ ಕಡೆ ಕೈಮಾಡಿ ಹಣೆ ಚಚ್ಚಿಕೊಂಡಳು. ಮಾರ್ಗರೆಟ್‌ಗೆ ಸಂಪೂರ್ಣ ಅರ್ಥವಾಯಿತು. ಅವರೂ ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡರು. ಅವರ ಹಣ ಅವರಿಗೆ ಹಿಂದಿರುಗಿಸಿದೆ.

ಪೆಟ್ಟಿಗೆ ಬಂದ ದಿನ ಗೌಡರು ತಾವು ಹೊಡೆದ ಮೊಳೆಗಳನ್ನು ತಾವೇ ಕಿತ್ತರು. ವೀಣೆಗೆ ಒಂದು ಗೀರೂ ಆಗಿರಲಿಲ್ಲ. ಮಡಿಲು ಖಾಲಿ. ಜೊತೆಯಲ್ಲಿ ಅಧಿಕಾರಿಗಳ ಒಂದು ಹಾಳೆ ಇತ್ತು, ತೆಗೆದುಹಾಕಿದ ವಸ್ತುಗಳ ವಿವರ. "ಓದಿ ಹೇಳಿ" ಎಂದಳು ಪದ್ಮ. ನಾನು ಕನ್ನಡ ಮಾಡುತ್ತ ಓದಿದೆ. ಅಕ್ಕಿ, ಜೀವಂತ ಹುಳುಗಳ ಸಹಿತ. ತೆಂಗಿನಕಾಯಿ ಒಂದು, ಮೊಳಕೆ ಬಂದದ್ದು. ಎಲೆಗಳು ಐದು, ಕೊಳೆತವು. ಕಂದು ಬಣ್ಣದ ಗಟ್ಟಿ ವಸ್ತು ಒಂದು, ಇರುವೆ ಮುತ್ತಿದ್ದು. ಗಂಡಸರ ಟವೆಲ್ಲು ಒಂದು, ಉಪಯೋಗಿಸಿದ್ದು.

"ಟವೆಲ್ಲಲ್ಲಿ ಮಡಿಲಕ್ಕಿ ಕಟ್ಟಿದ್ರಾ?" ಪದ್ಮ ಗೋಡೆಗೆ ಒರಗಿ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತು ನೀರು ಮಾತ್ರ ಉಳಿಯಿತು. ಗೌಡರು ಸುತ್ತಿಗೆ ಎತ್ತಿಕೊಂಡು ಮೆಲ್ಲಗೆ ಹೊರಗೆ ಹೋದರು.

"ಅಷ್ಟು ಸಂಕಟ ಆಗಿದ್ರೆ ಮಾರಲ್ಲ ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಮ್ಗೆ?"

"ನೀನಾದ್ರೂ ಬೇಡ ಅನ್ಬೋದಿತ್ತಲ್ಲ ಪದ್ಮಾ."

"ಏನು ಮಾಡೋಣ ಅಂತ ಕೇಳಿದ್ರಿ. ನುಡಿಸ್ತೀಯಾ ಅಂತ ಒಂದಿನ ಕೇಳಿದ್ರಾ?"

ನಾನು ಪೆಟ್ಟಿಗೆಯಿಂದ ವೀಣೆಯನ್ನು ಎತ್ತಿ ಚಾಪೆಯ ಮೇಲಿಟ್ಟೆ. "ನುಡಿಸ್ತೀಯಾ?" ಎಂದೆ. ಅವಳು ಎಣ್ಣೆ ಬಟ್ಟಲು ತರಲು ಒಳಗೆ ಹೋದಳು.

ಈಗ ಭಾನುವಾರದ ಸಂಜೆಗಳಲ್ಲಿ ಪದ್ಮ ನುಡಿಸುತ್ತಾಳೆ, ಪರ್ತಿನಲ್ಲಿ ಮಾರ್ಗರೆಟ್ ಕೇಳುತ್ತಾರೆ. ಅವರಿಗೆ ಬೇರೆ ವೀಣೆ ಸಿಕ್ಕಿದೆ, ಪದ್ಮಳ ಬೆರಳು ನೋಡಿ ತಾವೂ ನುಡಿಸುತ್ತಾರೆ. ಅಂತರರಾಷ್ಟ್ರೀಯ ವ್ಯಾಪಾರಿಯಾಗಬೇಕೆಂದು ಹೊರಟಿದ್ದ ನನಗೆ ಸಿಕ್ಕಿರುವ ಹುದ್ದೆ ಫೋನು ಹಿಡಿದು ನಿಲ್ಲುವುದು. ಬೆರಳು ಕಾಣುವಂತೆ, ಬೆಳಕು ಬೀಳುವಂತೆ, ಬಾಯಿ ಮುಚ್ಚಿಕೊಂಡು, ಒಂದು ಗಂಟೆ. ಹೋದ ವಾರ ತೋಳು ಸೋತು, ಫೋನಿಗೊಂದು ಸ್ಟ್ಯಾಂಡು ತರೋಣ್ವಾ ಎಂದು ಕೇಳಿದೆ.

"ಬೇಡ. ಸ್ಟ್ಯಾಂಡು ಕೇಳಿಸ್ಕೊಳ್ಳಲ್ಲ" ಎಂದಳು ಪದ್ಮ, ವೀಣೆಯಿಂದ ಕಣ್ಣೆತ್ತದೆ.

ಇಷ್ಟು ವರ್ಷದಲ್ಲಿ ಇಂಥ ಹೊಗಳಿಕೆ ನನಗೆ ಸಿಕ್ಕಿರಲಿಲ್ಲ. ಎದೆ ಉಬ್ಬಿತು. ಎದೆ ಉಬ್ಬಿದಾಗ ಕೈ ಅಲುಗಿ, ಫೋನು ಸೀಲಿಂಗ್ ಫ್ಯಾನಿನ ಕಡೆ ತಿರುಗಿತು. ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬಳು ಕನ್ನಡದಲ್ಲಿ, ಇಬ್ಬರೂ ಒಂದೇ ತಾಳದಲ್ಲಿ ನನ್ನನ್ನು ಬೈದರು.